ಕಣ್ಣಿಗೆ ಕಂಡದ್ದು ಹುಡುಕಾಟಕ್ಕೆ ಸಿಗದು: ಟಿಪ್ಪಣಿ-ವಿಕಿಯ ಪರೀಕ್ಷೆ ಯಾರ ಹೊಣೆ?

ಸಂಶೋಧನ ಪ್ರಬಂಧಗಳಲ್ಲಿ ಬರುವ ವಾಕ್ಯಗಳ ಪೈಕಿ ಅತ್ಯಂತ ಅಪಾಯಕಾರಿಯಾದುದು 'ಈ ಪದ ಇಲ್ಲಿ ಎಲ್ಲಿಯೂ ಪ್ರಯೋಗವಾಗಿಲ್ಲ' ಎಂಬುದು. 'ಇದೆ' ಎನ್ನುವವನು ಒಂದು ಉದಾಹರಣೆಯನ್ನು ತೋರಿಸಿದರೆ ಸಾಕು. 'ಇಲ್ಲ' ಎನ್ನುವವನು ಎಲ್ಲವನ್ನೂ ನೋಡಿರಬೇಕು. ಹಿಂದಿನವರು ಈ ಹೊಣೆಯನ್ನು ಸ್ವಂತ ಕಣ್ಣಿನಿಂದ, ಚೀಟಿಗಳ ಕಟ್ಟಿನಿಂದ, ವರ್ಷಗಟ್ಟಲೆಯ ಓದಿನಿಂದ ಹೊರುತ್ತಿದ್ದರು. ಇಂದಿನ ವಿದ್ಯಾರ್ಥಿಗಳು ಅದನ್ನು ತಂತ್ರಾಂಶದ ಹುಡುಕುಪೆಟ್ಟಿಗೆಗೆ ಒಪ್ಪಿಸಿದ್ದಾರೆ. ಒಪ್ಪಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಪೆಟ್ಟಿಗೆಯನ್ನು ಪರೀಕ್ಷಿಸದೆ ಒಪ್ಪಿಸಿದ್ದು ತಪ್ಪು. ಪರೀಕ್ಷಿಸುವುದು ತಮ್ಮ ಕೆಲಸವಲ್ಲವೆಂದು ನಾವು ಅಧ್ಯಾಪಕರು ಕೈಕಟ್ಟಿ ಕುಳಿತದ್ದು ಅದಕ್ಕಿಂತ ದೊಡ್ಡ ತಪ್ಪು.

ಈ ಮಾತಿಗೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ನನ್ನ ಮಾರ್ಗದರ್ಶನದಲ್ಲಿ ನಿಸಿದಿ ಶಾಸನಗಳ ಪದಸಂಪತ್ತನ್ನು ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ತನ್ನ ಟಿಪ್ಪಣಿಗಳನ್ನೆಲ್ಲ ಟಿಡ್ಲಿವಿಕಿ ಎಂಬ ಮುಕ್ತ ತಂತ್ರಾಂಶದಲ್ಲಿ ಇಟ್ಟುಕೊಂಡಿದ್ದ. ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ 'ನೋಂತು' ಎಂಬ ರೂಪದ ಪರಿಚಯ ಇದ್ದೇ ಇರುತ್ತದೆ. ವಿದ್ಯಾರ್ಥಿಯ ಕರಡಿನಲ್ಲಿ, ಶಾಸನಗಳ ಒಂದು ಗುಂಪಿನಲ್ಲಿ ಈ ರೂಪ ಇಲ್ಲವೆಂದೂ, ಆ ಅಭಾವದಿಂದ ಭಾಷಾಸ್ಥಿತ್ಯಂತರವನ್ನು ಊಹಿಸಬಹುದೆಂದೂ ಬರೆದಿತ್ತು. ನನಗೆ ಅನುಮಾನ ಬಂದು ಅವನ ಟಿಪ್ಪಣಿಗಳನ್ನೇ ಒಂದೊಂದಾಗಿ ತೆರೆಸಿದೆ. ನಾಲ್ಕನೆಯ ಟಿಪ್ಪಣಿಯಲ್ಲೇ ಆ ಪದ ಕಣ್ಣೆದುರಿಗೆ ನಿಂತಿತ್ತು. 'ಸರ್, ನಾನು ಎರಡು ಸಲ ಹುಡುಕಿದೆ' ಎಂದು ಅವನು ತಬ್ಬಿಬ್ಬಾದ. ಅವನು ಸುಳ್ಳು ಹೇಳಿರಲಿಲ್ಲ. ನಾವಿಬ್ಬರೂ ಸೇರಿ ಮತ್ತೆ ಹುಡುಕಿದೆವು, ಆಗಲೂ ಸಿಗಲಿಲ್ಲ.

ಕಾರಣ ತಿಳಿಯಲು ಒಂದು ಸಂಜೆ ಹಿಡಿಯಿತು. ಯೂನಿಕೋಡಿನಲ್ಲಿ 'ನೋ' ಎಂಬ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿಡಬಹುದು. ನಕಾರದ ಮುಂದೆ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಇಡುವುದು ಒಂದು ಬಗೆ. ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿ ಇಡುವುದು ಇನ್ನೊಂದು ಬಗೆ. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಸಂಕೇತಕ್ಕೆ ಸಂಕೇತ ಹೊಂದಿಸಿ ನೋಡುವ ಹುಡುಕಾಟಕ್ಕೆ ಅವು ಬೇರೆಬೇರೆ ಪದಗಳು. ವಿದ್ಯಾರ್ಥಿ ತಾನೇ ಟೈಪು ಮಾಡಿದ ಟಿಪ್ಪಣಿಗಳಲ್ಲಿ ಮೊದಲ ಬಗೆಯಿತ್ತು. ಬೇರೊಂದು ಕಡತದಿಂದ ನಕಲು ಮಾಡಿ ತಂದ ಪಾಠಗಳಲ್ಲಿ ಎರಡನೆಯ ಬಗೆಯಿತ್ತು. ಅವನು ಕಂಡುಹಿಡಿದೆನೆಂದು ಭಾವಿಸಿದ ಭಾಷಾಸ್ಥಿತ್ಯಂತರ ನಡೆದದ್ದು ಏಳನೆಯ ಶತಮಾನದಲ್ಲಲ್ಲ, ಅವನ ಕಡತದಲ್ಲಿ.

ಈಗ ಒಂದು ಪ್ರಶ್ನೆ. ಒಂದೇ ಧ್ವನಿ ಎರಡು ಲಿಖಿತ ರೂಪಗಳಲ್ಲಿ ಬರುವುದು ಕನ್ನಡ ಗ್ರಂಥಸಂಪಾದಕನಿಗೆ ಹೊಸ ಸಂಗತಿಯೆ? ಓಲೆಗರಿಗಳಲ್ಲಿ ಎ-ಏ, ಒ-ಓಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ಬರೆಯುವ ರೂಢಿ ಇರಲಿಲ್ಲವೆಂಬುದನ್ನು ನಾವು ಸ್ನಾತಕೋತ್ತರ ತರಗತಿಯಲ್ಲಿ ಪಾಠ ಮಾಡುತ್ತೇವೆ. 'ನೋನ್ತು', 'ನೋಂತು' ಎಂಬ ಬರವಣಿಗೆಗಳೆರಡೂ ಒಂದೇ ಪದದವೆಂದು ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲ. ಲಿಪಿಕಾರನ ರೂಢಿ, ಪಾಠಾಂತರ, ಸ್ಖಾಲಿತ್ಯ ಇವುಗಳ ವಿವೇಚನೆಯೇ ನಮ್ಮ ಶಾಸ್ತ್ರ. ಅಂದಮೇಲೆ ತಂತ್ರಾಂಶದ ಹುಡುಕಾಟ ಎಲ್ಲಿ ತಪ್ಪುತ್ತದೆಂದು ಮುಂಚಿತವಾಗಿ ಊಹಿಸಬಲ್ಲವರು ಎಂಜಿನಿಯರುಗಳಿಗಿಂತ ಮೊದಲು ನಾವೇ. ಆ ಊಹೆಯನ್ನು ಮಾಡದೆ, 'ಗಣಕ ಕೈಕೊಟ್ಟಿತು' ಎಂದು ದೂರುವ ನಮ್ಮ ಸ್ಥಿತಿ ಕುಣಿಯಲಾರದವಳು ನೆಲ ಡೊಂಕೆಂದ ಹಾಗಿದೆ.

ಟಿಡ್ಲಿವಿಕಿಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಬಳಕೆಗೆ ತಂದಾಗ ಅದು ಹಲವರು ಸೇರಿ ಬರೆಯುವ ತಾಣವಾಗಿತ್ತು. 2004ರಲ್ಲಿ ಬ್ರಿಟನ್ನಿನ ಜೆರೆಮಿ ರಸ್ಟನ್ ಅದೇ ಕಲ್ಪನೆಯನ್ನು ಒಬ್ಬನ ಟಿಪ್ಪಣಿಪುಸ್ತಕಕ್ಕೆ ಅಳವಡಿಸಿ, ಇಡೀ ವಿಕಿಯನ್ನು ಒಂದೇ ಎಚ್‌ಟಿಎಂಎಲ್ ಕಡತದೊಳಗೆ ಅಡಕ ಮಾಡಿದರು. ಆಮೇಲೆ ಅದನ್ನು ಬುಡದಿಂದ ಹೊಸದಾಗಿ ಬರೆಯಲಾಯಿತು. ಐದನೆಯ ಆವೃತ್ತಿ ಎಂದು ಕರೆಯುವ ಆ ರೂಪ 2014ರಲ್ಲಿ ಪ್ರಯೋಗದ ಹಂತವನ್ನು ದಾಟಿತು. ಅದರಲ್ಲಿ ಒಂದೊಂದು ಟಿಪ್ಪಣಿಗೂ ಟಿಡ್ಲರ್ ಎಂದು ಹೆಸರು. ಒಂದು ಶಾಸನಕ್ಕೆ ಒಂದು ಟಿಡ್ಲರ್, ಒಬ್ಬ ಕವಿಗೆ ಒಂದು, ಒಂದು ಪದಕ್ಕೆ ಒಂದು; ಇವುಗಳ ನಡುವೆ ಕೊಂಡಿಗಳು, ಟ್ಯಾಗುಗಳು. ಒಂದು ಶಾಸನದ ಪಾಠವನ್ನು ಒಮ್ಮೆ ಬರೆದಿಟ್ಟು ಹತ್ತು ಟಿಪ್ಪಣಿಗಳೊಳಗೆ ಅದನ್ನೇ ಕಾಣಿಸಬಹುದು. ಮೂಲದಲ್ಲಿ ಅಕ್ಷರ ತಿದ್ದಿದರೆ ಹತ್ತೂ ಕಡೆ ತಿದ್ದುಪಡಿಯಾಗುತ್ತದೆ. ಕಡತ ನಮ್ಮ ಬಳಿಯೇ ಇರುತ್ತದೆ.

ಅದರ ಒಂದು ಸೌಲಭ್ಯವಂತೂ ಸಾಹಿತ್ಯಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆಂದೇ ಮಾಡಿಸಿದಂತಿದೆ. ಕೊಂಡಿ ಕೊಟ್ಟಿದ್ದರೂ ಇನ್ನೂ ಬರೆಯದೆ ಉಳಿದ ಟಿಪ್ಪಣಿಗಳ ಹೆಸರುಗಳನ್ನು ಅದು ಪ್ರತ್ಯೇಕವಾಗಿ ಪಟ್ಟಿ ಮಾಡಿ ತೋರಿಸುತ್ತದೆ. ಪೊನ್ನನ 'ಗತಪ್ರತ್ಯಾಗತ', 'ಭುವನೈಕರಾಮಾಭ್ಯುದಯ', ರನ್ನನ 'ಪರಶುರಾಮಚರಿತ' ಹೀಗೆ ಹೆಸರಷ್ಟೇ ಉಳಿದು ಕೃತಿ ಸಿಗದವುಗಳ ಪಟ್ಟಿಯನ್ನು ನಾವೆಲ್ಲ ಕೈಯಿಂದ ಬರೆದವರೇ. ಹೆಸರುಂಟು, ವಸ್ತುವಿಲ್ಲ ಎಂಬ ಸ್ಥಿತಿಗೇ ಒಂದು ಜಾಗ ಮಾಡಿಕೊಟ್ಟ ಉಪಕರಣವನ್ನು ನಾನು ಹಗುರವಾಗಿ ತೆಗೆದುಹಾಕಲಾರೆ. ನನ್ನ ಆಕ್ಷೇಪ ಉಪಕರಣದ ಮೇಲಲ್ಲ. ಅದು ರೂಪುಗೊಳ್ಳುವ ಪ್ರತಿ ಹಂತದಲ್ಲೂ ನಾವು ಗೈರುಹಾಜರಾಗಿದ್ದೇವೆ. ಆಕ್ಷೇಪ ಅದರ ಬಗ್ಗೆ.

ಗೈರುಹಾಜರಿಯ ಗುರುತುಗಳನ್ನು ನೋಡೋಣ. ಟಿಡ್ಲಿವಿಕಿಯ ಹುಡುಕುಪೆಟ್ಟಿಗೆ, ಮೊದಲಿನಿಂದ ಇರುವ ಹೊಂದಿಕೆಯಲ್ಲಿ, ಮೂರಕ್ಕಿಂತ ಕಡಿಮೆ ಅಕ್ಷರಗಳನ್ನು ಕೊಟ್ಟರೆ ಹುಡುಕುವುದೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಷರದ ಪದಗಳು ಹೆಚ್ಚಾಗಿ ಅವ್ಯಯಗಳಂಥವು. ಅವನ್ನು ಯಾರೂ ಹುಡುಕುವುದಿಲ್ಲ. ಅಲ್ಲಿ ಈ ನಿಯಮ ವಿವೇಕದ್ದೇ. ಕನ್ನಡದಲ್ಲಿ 'ರಸ' ಎಂದು ಕೊಟ್ಟು ನೋಡಿ: ಏನೂ ಬರದು. 'ನಯ' ಎಂದು ಕೊಡಿ: ಏನೂ ಬರದು. 'ಗಣ', 'ಜನ', 'ಮತ' ಇವೆಲ್ಲಕ್ಕೂ ಅದೇ ಗತಿ. ಕಾವ್ಯಮೀಮಾಂಸೆಯ ಮೂಲಪದವೂ ತರ್ಕದ ಮೂಲಪದವೂ ಹುಡುಕಾಟಕ್ಕೆ ಅರ್ಹವಲ್ಲ! ಆದರೆ 'ಶ್ರೀ' ಎಂದರೆ ಹುಡುಕುತ್ತದೆ. ನಮ್ಮ ಲೆಕ್ಕದಲ್ಲಿ ಅದು ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಶಕಾರ, ವಿರಾಮಚಿಹ್ನೆ, ರಕಾರ, ಈತ್ವ ಎಂದು ನಾಲ್ಕು. 'ಅಕ್ಷರ ಎಂದರೆ ಯಾವುದು?' ಎಂಬ ಪ್ರಶ್ನೆಗೆ ಛಂದಶ್ಶಾಸ್ತ್ರ ಓದಿದ ನಮ್ಮ ಬಳಿ ಉತ್ತರವಿತ್ತು. ಕೇಳಬೇಕಾದ ಹೊತ್ತಿನಲ್ಲಿ ಆ ಉತ್ತರ ಅಲ್ಲಿ ಯಾರಿಗೂ ಕೇಳಿಸಲಿಲ್ಲ, ಏಕೆಂದರೆ ನಾವು ಅಲ್ಲಿರಲಿಲ್ಲ.

ಕೊಂಡಿಗಳ ವಿಷಯವೂ ಹಾಗೆಯೇ. ಎರಡು ಪದಗಳನ್ನು ಸೇರಿಸಿ, ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದು ತಾನೇ ಕೊಂಡಿಯಾಗುವ ಪದ್ಧತಿ ಮೊದಲ ವಿಕಿಯಿಂದ ಬಂದದ್ದು. ಟಿಡ್ಲಿವಿಕಿಯಲ್ಲಿಯೂ ಅದು ಉಳಿದಿದೆ. ದೊಡ್ಡಕ್ಷರ-ಸಣ್ಣಕ್ಷರಗಳ ಭೇದವೇ ಇಲ್ಲದ ಲಿಪಿಗೆ ಈ ಸೌಲಭ್ಯದಿಂದ ಯಾವ ಪ್ರಯೋಜನವೂ ಇಲ್ಲ. ದಿನಚರಿಯ ಟಿಪ್ಪಣಿಯೊಂದನ್ನು ತೆರೆದರೆ ಶೀರ್ಷಿಕೆಯಲ್ಲಿ ತಾರೀಖಿನ ಅಂಕಿಗೆ ಇಂಗ್ಲಿಷಿನ ಕ್ರಮವಾಚಕ ಪ್ರತ್ಯಯ ಅಂಟಿಕೊಂಡು ಬರುತ್ತದೆ. ಇವು ಸಣ್ಣ ತೊಂದರೆಗಳು, ಹೊಂದಿಕೆಯಲ್ಲಿ ಬದಲಿಸಿಕೊಳ್ಳಬಹುದು. ಆದರೆ ಒಂದು ತಂತ್ರಾಂಶದ ಮೊದಲ ಹೊಂದಿಕೆಗಳು ಅದನ್ನು ಯಾರು ಪರೀಕ್ಷಿಸಿದರು ಎಂಬುದರ ಸಾಕ್ಷ್ಯ. ಶಾಸನದ ಅಕ್ಷರಶೈಲಿಯಿಂದ ಕಾಲವನ್ನು ಊಹಿಸುವಂತೆ, ಈ ಹೊಂದಿಕೆಗಳಿಂದ ಅಲ್ಲಿ ಇದ್ದವರು ಯಾರು, ಇಲ್ಲದವರು ಯಾರು ಎಂದು ಓದಬಹುದು.

ಇನ್ನು ಅಕಾರಾದಿಯ ಪ್ರಶ್ನೆ. ಯೂನಿಕೋಡಿನಲ್ಲಿ ಳಕಾರಕ್ಕೆ ಲಕಾರದ ಪಕ್ಕದ ಸಂಖ್ಯೆಯನ್ನು ಕೊಟ್ಟಿದ್ದಾರೆ; ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ವರ್ಣಮಾಲೆಯ ಕ್ರಮವನ್ನು ಬಿಟ್ಟು ಸಂಖ್ಯೆಯ ಕ್ರಮದಲ್ಲಿ ಜೋಡಿಸುವ ಯಾವುದೇ ಪಟ್ಟಿಯಲ್ಲಿ 'ಕಲಶ, ಕವಿ, ಕಹಳೆ, ಕಳಸ' ಎಂದಿರಬೇಕಾದುದು 'ಕಲಶ, ಕಳಸ, ಕವಿ, ಕಹಳೆ' ಎಂದಾಗುತ್ತದೆ. ೞಕಾರದ ಗತಿ ಇನ್ನೂ ಶೋಚನೀಯ. ಅದರ ಸಂಖ್ಯೆ ಸ್ವರಚಿಹ್ನೆಗಳಿಗಿಂತ, ವಿರಾಮಚಿಹ್ನೆಗಿಂತ ಆಚೆಗಿದೆ. ಹಾಗಾಗಿ ಅಂಥ ಪಟ್ಟಿಯಲ್ಲಿ 'ಕೞ್ತೆ' ಎಂಬ ಪದ 'ಕೌರವ'ನನ್ನೂ 'ಕ್ಷಪಣಕ'ನನ್ನೂ ದಾಟಿ ಹೋಗಿ ನಿಲ್ಲುತ್ತದೆ. ಹಳಗನ್ನಡ ಪದಕೋಶವೊಂದನ್ನು ವಿಕಿಯಲ್ಲಿ ಕಟ್ಟುತ್ತಿರುವ ವಿದ್ಯಾರ್ಥಿ ಅದನ್ನು ತಕ್ಕ ಸ್ಥಾನದಲ್ಲಿ ಕಾಣದೆ ಎರಡನೆಯ ಸಲ ಬರೆದುಕೊಳ್ಳುತ್ತಾನೆ.

ಈ ೞಕಾರದ ಕಥೆ ನನ್ನ ವಾದಕ್ಕೆ ಆಧಾರಸ್ತಂಭ. ರಳ-ಕುಳ-ಕ್ಷಳಗಳ ಭೇದಕ್ಕೆ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಎಷ್ಟು ಗಮನ ಕೊಟ್ಟನೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಅದೇ ಅಕ್ಷರ ಯೂನಿಕೋಡಿನ ಪಟ್ಟಿಗೆ ಸೇರುವಾಗ ಅದಕ್ಕೆ 'ಫ' ಎಂಬ ಹೆಸರು ಬಿತ್ತು. ಹೌದು, ೞಕಾರದ ಅಧಿಕೃತ ಯೂನಿಕೋಡ್ ನಾಮಧೇಯ 'ಕನ್ನಡ ಲೆಟರ್ ಫ'. ತಪ್ಪೆಂದು ಆಮೇಲೆ ಎಲ್ಲರೂ ಒಪ್ಪಿದರು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟುನಿಟ್ಟಿನ ನಿಯಮ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದರು. ತಪ್ಪು ಹೆಸರು ಇದ್ದಲ್ಲೇ ಇದೆ, ಮುಂದೆಯೂ ಇರುತ್ತದೆ. ಕರಡಿನ ಹಂತದಲ್ಲಿ ಹಳಗನ್ನಡ ಬಲ್ಲ ಒಬ್ಬರ ಕಣ್ಣು ಅದರ ಮೇಲೆ ಬಿದ್ದಿದ್ದರೆ ಒಂದು ನಿಮಿಷದಲ್ಲಿ ಸರಿಹೋಗುತ್ತಿದ್ದ ಸಂಗತಿ ಇದು.

ತಂತ್ರಾಂಶಗಳ ಸ್ವಭಾವವೂ ಇದಕ್ಕೆ ಹತ್ತಿರ. ಹಳೆಯ ಕಡತಗಳು ಹೊಸ ಆವೃತ್ತಿಯಲ್ಲಿ ಕೆಡಬಾರದೆಂಬ ವ್ರತವನ್ನು ಟಿಡ್ಲಿವಿಕಿಯವರು ನಿಷ್ಠೆಯಿಂದ ಪಾಲಿಸುತ್ತಾರೆ. ಅದು ಮೆಚ್ಚಬೇಕಾದ ಗುಣ. ಅದರಿಂದಲೇ ಇನ್ನೊಂದು ಪರಿಣಾಮವೂ ಆಗುತ್ತದೆ: ಒಮ್ಮೆ ಬಿಡುಗಡೆಯಾದ ಸೌಲಭ್ಯದ ನಡವಳಿಕೆಯನ್ನು ಬದಲಿಸುವುದು ಕಷ್ಟ. ಆದ್ದರಿಂದ ಪರೀಕ್ಷೆಯ ಕಾಲ ಬಿಡುಗಡೆಗೆ ಮುನ್ನ. ಅದಕ್ಕೆಂದೇ ಅವರು ಪ್ರತಿ ಆವೃತ್ತಿಗೆ ಮುಂಚೆ ಒಂದು ಪೂರ್ವಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಯಾರು ಬೇಕಾದರೂ ತೆರೆದು, ಪ್ರಯೋಗಿಸಿ, ದೋಷಗಳನ್ನು ತಿಳಿಸಬಹುದು. ಬಾಗಿಲು ಮುಚ್ಚಿತ್ತೆಂದು ದೂರುವ ಹಕ್ಕು ನಮಗಿಲ್ಲ.

ಇಲ್ಲಿ ಪೂರ್ವಪಕ್ಷಗಳನ್ನು ಎತ್ತಿಕೊಳ್ಳುತ್ತೇನೆ. ಮೊದಲನೆಯದು: 'ಇದು ಕನ್ನಡ ವಿಭಾಗದ ಕೆಲಸವಲ್ಲ, ಗಣಕವಿಜ್ಞಾನ ವಿಭಾಗದ್ದು.' ವಿಚಾರಸಂಕಿರಣವೊಂದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಈ ಮಾತನ್ನು ಗಂಭೀರವಾಗಿಯೇ ಹೇಳಿದರು. ಅವರಿಗೆ ನನ್ನ ಉತ್ತರ: ಓಲೆಯನ್ನು ಹದಗೊಳಿಸುವ ಕೆಲಸವೂ ಕವಿಯದಲ್ಲ, ಆದರೆ ಓಲೆಯ ಮೇಲೆ ಅಕ್ಷರ ಹೇಗೆ ಮೂಡಿದೆ, ಎಲ್ಲಿ ಮಾಸಿದೆ ಎಂದು ನೋಡುವುದು ಗ್ರಂಥಸಂಪಾದಕನದೇ. ನಾನು ನಮ್ಮವರಿಗೆ ಸಂಕೇತಭಾಷೆ ಕಲಿಯಿರಿ ಎನ್ನುತ್ತಿಲ್ಲ. ಹುಡುಕಬೇಕಾದ ಪದವನ್ನು ಕೊಟ್ಟು, ಬರಬೇಕಾದ ಫಲವನ್ನು ಹೇಳಿ, ಬಂದ ಫಲವನ್ನು ದಾಖಲಿಸಿ ಎನ್ನುತ್ತಿದ್ದೇನೆ. ಇದಕ್ಕೆ ಬೇಕಾದುದು ಕನ್ನಡದ ಜ್ಞಾನ.

ಎರಡನೆಯದು: 'ದೊಡ್ಡ ಕಂಪನಿಗಳ ಟಿಪ್ಪಣಿ-ತಂತ್ರಾಂಶಗಳಿರುವಾಗ ಈ ಸ್ವಯಂಸೇವಕರ ಸಾಮಾನು ಏಕೆ?' ನನ್ನ ಪಿಎಚ್‌ಡಿ ಪ್ರಬಂಧವನ್ನು ಯೂನಿಕೋಡ್‌ಪೂರ್ವದ ಫಾಂಟೊಂದರಲ್ಲಿ ಟೈಪು ಮಾಡಿಸಿದ್ದೆ. ಇಂದು ಆ ಕಡತವನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಸ. ಅಚ್ಚಾದ ಪ್ರತಿ ಕಪಾಟಿನಲ್ಲಿದೆ, ಕಡತ ಸತ್ತಿದೆ. ಆ ಅನುಭವವಾದವನು ತನ್ನ ಟಿಪ್ಪಣಿಗಳನ್ನು ಮತ್ತೆ ಬೇರೆಯವರ ಮರ್ಜಿಗೆ ಬಿಡಲಾರ. ಟಿಡ್ಲಿವಿಕಿಗೂ ಆಘಾತವಾದದ್ದುಂಟು: 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಹಳೆಯ ಬಗೆಯ ಸೇರ್ಪಡೆಗಳನ್ನು ಕೈಬಿಟ್ಟಾಗ, ಬರೆದದ್ದನ್ನು ಉಳಿಸಲು ಅನೇಕರು ನೆಚ್ಚಿದ್ದ ಟಿಡ್ಲಿಫಾಕ್ಸ್ ಎಂಬ ಸಾಧನ ಕೆಲಸ ಮಾಡದಾಯಿತು. ಆದರೆ ಕಡತ ಅವರವರ ಗಣಕದಲ್ಲೇ ಇತ್ತು, ಯಾವ ಬ್ರೌಸರಿನಲ್ಲಾದರೂ ಓದಲು ಬರುತ್ತಿತ್ತು. ಉಳಿಸುವ ದಾರಿ ಕಡಿಯಿತು, ಬರೆದದ್ದು ಕಳೆಯಲಿಲ್ಲ. ನಾನು ಆರಿಸುವುದು ಇಂಥದನ್ನೇ.

ಮೂರನೆಯದು: 'ನಾವು ಹೇಳಿದರೆ ಅಲ್ಲಿ ಕೇಳುವವರು ಯಾರು?' ಈ ಮಾತಿನಲ್ಲಿ ವಿನಯಕ್ಕಿಂತ ಸೋಮಾರಿತನವೇ ಹೆಚ್ಚು. ತಂತ್ರಾಂಶ ಬಿಎಸ್‌ಡಿ ಪರವಾನಗಿಯಡಿ ಮುಕ್ತವಾಗಿದೆ. ಯಾರೂ ಕೇಳದಿದ್ದರೂ ನಮ್ಮ ಪ್ರತಿಯನ್ನು ನಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಟಿಡ್ಲಿವಿಕಿಯ ಇಂಟರ್‌ಫೇಸ್ ಬಹುಮಟ್ಟಿಗೆ ಟಿಡ್ಲರ್‌ಗಳಿಂದಲೇ ಕಟ್ಟಿದ್ದು. ಪಕ್ಕದ ಪಟ್ಟಿ, ಬಟನ್ನು, ಹುಡುಕಾಟದ ಹೊಂದಿಕೆ ಎಲ್ಲವೂ ಟಿಪ್ಪಣಿಗಳಂತೆಯೇ ತೆರೆದು ತಿದ್ದಬಹುದಾದವು. ಮೇಲೆ ಹೇಳಿದ 'ಮೂರಕ್ಷರ'ದ ನಿಯಮವೂ ಒಂದು ಟಿಡ್ಲರ್‌ನೊಳಗೆ ಬರೆದ ಒಂದು ಅಂಕಿ. ಅದನ್ನು ಎರಡು ಮಾಡಿದರೆ 'ರಸ' ಸಿಗುತ್ತದೆ. ತಿದ್ದಿದ್ದು ಹಾಳಾದರೆ ನಮ್ಮ ಪ್ರತಿಯನ್ನು ಅಳಿಸಿದರಾಯಿತು, ಮೂಲ ಹಿಂದಿರುಗುತ್ತದೆ. ಇದಕ್ಕೆ ಯಾವ ಎಂಜಿನಿಯರ್ ಬೇಕು?

ಸರಿ, ಮಾಡಬೇಕಾದದ್ದೇನು? ನನ್ನ ವಿದ್ಯಾರ್ಥಿಗಳಿಗೆ ಈಗ ನಾನು ಕಡ್ಡಾಯ ಮಾಡಿರುವ ಪರೀಕ್ಷೆಗಳು ಐದು. ಒಂದು, ಓತ್ವ, ಓತ್ವದ ದೀರ್ಘ, ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವಗಳಿರುವ ಪದಗಳನ್ನು ಕೂಡಿಸಿದ ರೂಪದಲ್ಲೂ ಬಿಡಿಸಿದ ರೂಪದಲ್ಲೂ ಇಟ್ಟು ಹುಡುಕುವುದು. ಎರಡು, ಎರಡೇ ಅಕ್ಷರದ ಹತ್ತು ಪದಗಳನ್ನು ಹುಡುಕುವುದು. ಮೂರು, ಅರ್ಕಾವತ್ತನ್ನು ತಪ್ಪಿಸಲು, ಒತ್ತಕ್ಷರವನ್ನು ಬಿಡಿಸಲು ಬಳಸುವ ಅದೃಶ್ಯ ಸಂಕೇತಗಳಿರುವ ಪದಗಳನ್ನು ಆ ಸಂಕೇತವಿಲ್ಲದೆ ಕೊಟ್ಟು ನೋಡುವುದು. ನಾಲ್ಕು, ಳ, ಱ, ೞಗಳಿರುವ ಶೀರ್ಷಿಕೆಗಳ ಪಟ್ಟಿಯನ್ನು ಒಂದಕ್ಕಿಂತ ಹೆಚ್ಚು ಬ್ರೌಸರುಗಳಲ್ಲಿ ತೆರೆದು ಅಕಾರಾದಿಯನ್ನು ಹೋಲಿಸುವುದು. ಐದು, ಒಂದು ಟಿಪ್ಪಣಿಯ ಹೆಸರನ್ನು ಬದಲಿಸಿ ಅದಕ್ಕೆ ಬಂದ ಕೊಂಡಿಗಳೇನಾದುವೆಂದು ನೋಡುವುದು. ಟ್ಯಾಗುಗಳಲ್ಲಿ ಹೆಸರನ್ನು ಬದಲಿಸಲೇ ಎಂದು ಟಿಡ್ಲಿವಿಕಿ ಕೇಳುತ್ತದೆ. ಬರವಣಿಗೆಯೊಳಗಿನ ಕೊಂಡಿಗಳನ್ನು ತಾನಾಗಿ ತಿದ್ದದು. 'ಬೆಳ್ಗೊಳ'ವನ್ನು 'ಬೆಳಗೊಳ' ಮಾಡಿದಾಗ ನೂರು ಕೊಂಡಿಗಳು ಹಳೆಯ ಹೆಸರಿಗೇ ಅಂಟಿಕೊಂಡಿರುವುದು ತಿಳಿದಿರಬೇಕು.

ಫಲಿತಾಂಶಗಳನ್ನು ಸುಮ್ಮನೆ ಡೈರಿಯಲ್ಲಿ ಬರೆದಿಟ್ಟರೆ ಸಾಲದು. ತಂತ್ರಾಂಶ ಕಟ್ಟುವವರಿಗೆ ತಿಳಿಸಬೇಕು. 'ಕನ್ನಡ ಸರಿಯಾಗಿ ಬರುವುದಿಲ್ಲ' ಎಂಬ ಗೊಣಗಾಟದಿಂದ ಯಾರಿಗೂ ಏನೂ ಮಾಡಲಾಗದು. ಯಾವ ಆವೃತ್ತಿ, ಯಾವ ಬ್ರೌಸರು, ಕೊಟ್ಟ ಪದ ಯಾವುದು, ನಿರೀಕ್ಷಿಸಿದ್ದೇನು, ಬಂದದ್ದೇನು ಎಂಬ ಐದು ಸಾಲು ಸಾಕು. ಪ್ರತಿ ಬದಲಾವಣೆಯ ನಂತರ ತಾನಾಗಿ ನಡೆಯುವ ಪರೀಕ್ಷೆಗಳ ಸಂಗ್ರಹವೊಂದು ಆ ತಂತ್ರಾಂಶದ ಜೊತೆಗೇ ಇದೆ. ಅದರೊಳಗೆ ಒಂದು ಕನ್ನಡ ಪದ ಸೇರಿದರೆ, ಮುಂದೆ ಯಾರು ಏನೇ ಬದಲಿಸಿದರೂ ಆ ಪದ ಸಿಗುತ್ತದೆಯೇ ಎಂದು ಯಂತ್ರವೇ ನೋಡಿಕೊಳ್ಳುತ್ತದೆ.

ಹೊಸ ಸೌಲಭ್ಯಗಳನ್ನು ಕೇಳುವ ಉತ್ಸಾಹಿಗಳಿಗೂ ಒಂದು ಮಾತು. ಟಿಪ್ಪಣಿಗಳನ್ನು ಬಣ್ಣದ ಜಾಲಚಿತ್ರವಾಗಿ ತೋರಿಸಬೇಕು, ತೆರೆ ಹೀಗೆ ಹೊಳೆಯಬೇಕು, ಹಾಗೆ ಸರಿಯಬೇಕು ಎಂಬ ಬೇಡಿಕೆಗಳನ್ನು ನೋಡುತ್ತೇನೆ. ಚೆಲುವು ಬೇಡವೆನ್ನುವಷ್ಟು ಅರಸಿಕನಲ್ಲ ನಾನು. ಆದರೆ ಬರೆದದ್ದು ಸಿಗದ ಪುಸ್ತಕಕ್ಕೆ ಚಿನ್ನದ ರಟ್ಟು ಹಾಕಿ ಪ್ರಯೋಜನವಿಲ್ಲ. ಸಂಶೋಧಕನಿಗೆ ಬೇಕಾದ ಮೊದಲ ಸೌಲಭ್ಯ ಹುಡುಕಾಟ, ಎರಡನೆಯದು ಅಕಾರಾದಿ, ಮೂರನೆಯದು ಕೆಡದ ಕೊಂಡಿ. ಉಳಿದುವು ಆಮೇಲೆ ಬರಲಿ.

ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು. ಅವುಗಳಲ್ಲಿಯೂ ದೋಷಗಳಿವೆ; ಅವನ್ನು ಗುರುತಿಸುವುದನ್ನೇ ನಾವು ವಿದ್ವತ್ತೆಂದು ಕರೆದೆವು, ಅದಕ್ಕೆ ಲೇಖನಗಳನ್ನು ಬರೆದೆವು, ಪದವಿಗಳನ್ನು ಪಡೆದೆವು. ಇಂದು ನಮ್ಮ ವಿದ್ಯಾರ್ಥಿಗಳ ನಿಘಂಟೂ ಕವಿಚರಿತೆಯೂ ಅವರವರ ವಿಕಿಯೊಳಗಿವೆ. ಅಲ್ಲಿಯ ದೋಷವನ್ನು ಗುರುತಿಸುವುದೂ ಅದೇ ವಿದ್ವತ್ತು.

ನನ್ನ ವಿದ್ಯಾರ್ಥಿ ಆ ಅಧ್ಯಾಯವನ್ನು ಹರಿದುಹಾಕಿ ಹೊಸದಾಗಿ ಬರೆದ. ಟಿಪ್ಪಣಿಗಳೆಲ್ಲವನ್ನೂ ಒಂದೇ ರೂಪಕ್ಕೆ ತರಲು ಅವನಿಗೆ ಮೂರು ವಾರ ಹಿಡಿಯಿತು. ಪ್ರಬಂಧದ ಪ್ರಸ್ತಾವನೆಯಲ್ಲಿ, ಬಳಸಿದ ತಂತ್ರಾಂಶ ಯಾವುದು, ಅದನ್ನು ಹೇಗೆ ಪರೀಕ್ಷಿಸಿದೆ ಎಂದು ಒಂದು ಪುಟ ಸೇರಿಸಬೇಕೆಂದು ಹೇಳಿದೆ, ಸೇರಿಸಿದ. ಮೌಲ್ಯಮಾಪನಕ್ಕೆ ಬಂದವರೊಬ್ಬರು ಆ ಪುಟ 'ಅಪ್ರಸ್ತುತ' ಎಂದು ಗುರುತು ಹಾಕಿದ್ದರು. ಆ ಪುಟವನ್ನು ತೆಗೆಯಲು ನಾನು ಒಪ್ಪಲಿಲ್ಲ. ಹಸ್ತಪ್ರತಿಗಳ ವಿವರ ಕೊಡದ ಸಂಪಾದಿತ ಕೃತಿಯನ್ನು ನಾವು ನಂಬುವುದಿಲ್ಲವಷ್ಟೆ. ಹುಡುಕಾಟದ ವಿವರ ಕೊಡದ ಪ್ರಬಂಧವನ್ನು ನಂಬುವುದು ಯಾವ ನ್ಯಾಯ? ಓದುಗರು ತಮ್ಮ ತಮ್ಮ ವಿಕಿಯನ್ನು ತೆರೆದು, ಇವತ್ತೇ, 'ರಸ' ಎಂದು ಬರೆದು ನೋಡಲಿ. ಏನೂ ಬರದಿದ್ದರೆ ಮುಂದಿನ ಕೆಲಸ ಅಲ್ಲಿಂದ ಮೊದಲಾಗಲಿ.